ವಾಗ್ದಂಡನೆ ಎಂಬ ಒಂದು ಮಾತು



ಶ್ರಾವಣ ಮಾಸದ ಮೊದಲ ವಾರ. ಸಾಯಂಕಾಲದ ಪೂಜೆಯನ್ನು ಮುಗಿಸಿ ನಾನು ಪಡಸಾಲೆಗೆ ಬಂದು ಕುಳಿತಿದ್ದೆ. ಇದೇ ನಮ್ಮ ರೋಜಾ ಭಾಗದಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ ವಾಸವಾಗಿರುವ ಸದ್ಗೃಹಸ್ಥರೊಬ್ಬರು ಕೈಯಲ್ಲಿ ಒಂದು ಹಳೆಯ ಕಡತವನ್ನು ಹಿಡಿದು ಬಂದರು. ಇವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮಿತಭಾಷಿಗಳು, ಕುಳಿತರೂ ಮಾತು ಆರಂಭಿಸಲಿಲ್ಲ. ಕೊನೆಗೆ ಕಡತದಿಂದ ಒಂದು ಹಾಳೆಯನ್ನು ತೆಗೆದು ನನ್ನ ಮುಂದಿರಿಸಿ, "ಅಪ್ಪಾವರ, ಈ ಶಬ್ದದ ಅರ್ಥ ಏನಂತ ನೀವೇ ಬಂದು ಅವರಿಗೆ ಹೇಳಬೇಕು. ನಾ ಹೇಳಿದರ ನಂಬಾಂಗಿಲ್ಲ" ಎಂದರು.

ಅದು ಹನ್ನೊಂದು ವರ್ಷಗಳ ಹಿಂದಿನ ಒಂದು ಆದೇಶ. ವಹಿಯೊಂದರಲ್ಲಿ ಇವರು ದಿನಾಂಕವನ್ನು ತಪ್ಪಾಗಿ ದಾಖಲಿಸಿದ್ದರು. ಆ ಒಂದು ತಪ್ಪಿನಿಂದ ವಿಧವೆಯೊಬ್ಬಳ ಪಿಂಚಣಿ ನಾಲ್ಕು ತಿಂಗಳು ತಡೆದು ನಿಂತಿತ್ತು. ನೋಟೀಸು ಬಂತು; ಇವರು ತಪ್ಪನ್ನು ಒಪ್ಪಿ ಉತ್ತರ ಬರೆದರು; ಆ ಮೇಲೆ ಈ ಆದೇಶ. ಅದರ ಕೊನೆಯ ಸಾಲಿನಲ್ಲಿ ಇವರಿಗೆ ವಾಗ್ದಂಡನೆಯನ್ನು ವಿಧಿಸಲಾಗಿದೆ ಎಂದಿತ್ತು. ಈಗ ಮಗಳಿಗೆ ಕಮಲಾಪುರದ ಕಡೆಯ ಒಂದು ಒಕ್ಕಲುತನದ ಮನೆಯಿಂದ ಸಂಬಂಧ ಕೂಡಿಬಂದಿದೆ. ಎಲ್ಲವೂ ಒಪ್ಪಿಗೆಯಾಗಿ, ನಿಶ್ಚಿತಾರ್ಥಕ್ಕೆ ದಿನ ನೋಡುವ ಹಂತದಲ್ಲಿ ಯಾರೋ ಪುಣ್ಯಾತ್ಮರು ಈ ಸುದ್ದಿಯನ್ನು ಬೀಗರಾಗಬೇಕಾದವರ ಕಿವಿಗೆ ಹಾಕಿದ್ದಾರೆ. ವರನ ಸೋದರಮಾವ ಪತ್ರಿಕೆಗಳನ್ನು ತಪ್ಪದೆ ಓದುವವರು. ನ್ಯಾಯಮೂರ್ತಿಗಳನ್ನು ಕೆಳಗಿಳಿಸಲು ಪಾರ್ಲಿಮೆಂಟಿನಲ್ಲಿ ಮಾಡುವುದೂ ವಾಗ್ದಂಡನೆ, ಅಮೆರಿಕದ ಅಧ್ಯಕ್ಷರಿಗೆ ಆದದ್ದೂ ವಾಗ್ದಂಡನೆ. ಅಂಥದ್ದೇ ಈ ಮನುಷ್ಯನಿಗೂ ಆಗಿದ್ದರೆ ಇವರ ಕೈ ಎಷ್ಟು ಕೆಟ್ಟಿರಬೇಕು ಎಂಬುದು ಅವರ ತರ್ಕ. ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ಶಬ್ದದಲ್ಲಿ. ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಆ ಆದೇಶದ ಹಿಂದಿರುವ ಇಂಗ್ಲಿಷ್ ಪದ 'ಸೆನ್ಷರ್'. ಕರ್ನಾಟಕ ನಾಗರಿಕ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು 1957ರಲ್ಲಿ ಬಂದವು. ಅವುಗಳಲ್ಲಿ ದಂಡನೆಗಳನ್ನು ಲಘುವಿನಿಂದ ಗುರುವಿನವರೆಗೆ ಮೆಟ್ಟಿಲುಮೆಟ್ಟಿಲಾಗಿ ಹೇಳಿದೆ. ಅದರ ತುದಿಯಲ್ಲಿರುವುದು ಸೇವೆಯಿಂದ ವಜಾ. ಕೆಳಗಿನ ಮೆಟ್ಟಿಲುಗಳಲ್ಲಿ, ವೇತನ ಬಡ್ತಿಯನ್ನು ತಡೆಹಿಡಿಯುವುದಕ್ಕಿಂತಲೂ ಕೆಳಗೆ, ಈ ಸೆನ್ಷರ್ ಇದೆ. ಕೇಂದ್ರ ಸರಕಾರದ 1965ರ ನಿಯಮಗಳಲ್ಲಂತೂ ಲಘು ದಂಡನೆಗಳ ಪಟ್ಟಿಯಲ್ಲಿ ಇದೇ ಮೊದಲನೆಯದು. ಇದರಿಂದ ಹುದ್ದೆ ಹೋಗದು, ಸಂಬಳ ಕಡಿಮೆಯಾಗದು. ನೀನು ಮಾಡಿದ ಇಂಥ ಕೆಲಸ ತಪ್ಪು ಎಂದು ಅಧಿಕಾರವುಳ್ಳವರು ಬರೆದು ಹೇಳುತ್ತಾರೆ. ಆ ಬರಹ ಸೇವಾ ದಾಖಲೆಯಲ್ಲಿ ಉಳಿಯುತ್ತದೆ. ಬರಿಯ ಬಾಯಿಮಾತಿನ ಎಚ್ಚರಿಕೆಗಿಂತ ಇದು ಒಂದು ಮೆಟ್ಟಿಲು ಮೇಲು. ಆದರೆ ಇಷ್ಟು ಲಘುವಾದ ದಂಡವನ್ನು ವಿಧಿಸಬೇಕಾದರೂ ಆಪಾದನೆ ಇಂಥದ್ದೆಂದು ಮೊದಲು ಬರಹದಲ್ಲಿ ತಿಳಿಸಬೇಕು, ಆತನ ಉತ್ತರಕ್ಕೆ ಅವಕಾಶ ಕೊಡಬೇಕು, ಆ ಉತ್ತರವನ್ನು ಪರಿಶೀಲಿಸಬೇಕು. ಓದುಗರು ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಸೋದರಮಾವನವರು ಪತ್ರಿಕೆಯಲ್ಲಿ ಓದಿದ ವಾಗ್ದಂಡನೆಯ ಮೂಲ ಬೇರೆಯೇ ಪದ, ಅದು 'ಇಂಪೀಚ್‌ಮೆಂಟ್'. ನಮ್ಮ ಸಂವಿಧಾನದಲ್ಲಿ ಈ ಶಬ್ದವನ್ನು ರಾಷ್ಟ್ರಪತಿಗಳ ವಿಷಯದಲ್ಲಿ ಮಾತ್ರ, 61ನೆಯ ಅನುಚ್ಛೇದದಲ್ಲಿ, ಬಳಸಿದೆ. ಇದುವರೆಗೆ ಯಾವ ರಾಷ್ಟ್ರಪತಿಗಳ ಮೇಲೂ ಅದನ್ನು ಪ್ರಯೋಗಿಸುವ ಪ್ರಸಂಗ ಬಂದಿಲ್ಲ. ನ್ಯಾಯಮೂರ್ತಿಗಳ ವಿಷಯದಲ್ಲಿ ಸಂವಿಧಾನವು ತೆಗೆದುಹಾಕುವುದು ಎಂಬ ಸರಳ ಮಾತನ್ನೇ ಆಡುತ್ತದೆ. ಆದರೂ 1993ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಮೇಲಿನ ಗೊತ್ತುವಳಿ ಲೋಕಸಭೆಗೆ ಬಂದಾಗ ದೇಶವೆಲ್ಲ ಇಂಪೀಚ್‌ಮೆಂಟ್ ಎಂದೇ ಮಾತನಾಡಿತು. ಅಂದು ಪರವಾಗಿ 196 ಮತಗಳು ಬಂದವು, ವಿರುದ್ಧವಾಗಿ ಒಂದೂ ಬರಲಿಲ್ಲ. ಆದರೂ ಗೊತ್ತುವಳಿ ಬಿದ್ದುಹೋಯಿತು. ಬೇಕಾದ ಬಹುಮತವಿಲ್ಲದಂತೆ ಉಳಿದವರು ಮತವನ್ನೇ ಹಾಕದೆ ಕುಳಿತಿದ್ದರು. ಅಮೆರಿಕದ ವಿಚಾರ ಇನ್ನೂ ವಿಚಿತ್ರ. ಅಲ್ಲಿ ಇಂಪೀಚ್‌ಮೆಂಟ್ ಎಂದರೆ ದಂಡನೆಯೇ ಅಲ್ಲ. ಕೆಳಮನೆಯು ಆಪಾದನೆಯನ್ನು ಹೊರಿಸುವುದಷ್ಟೇ ಅದರ ಅರ್ಥ; ವಿಚಾರಣೆ ನಡೆಸಿ ತೀರ್ಪು ಕೊಡುವುದು ಸೆನೆಟ್. ಅಧ್ಯಕ್ಷ ಟ್ರಂಪ್ ಅವರ ಮೇಲೆ 2019ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಹೀಗೆ ಆಪಾದನೆ ಹೊರಿಸಲಾಯಿತು. ಎರಡು ಸಲವೂ ಸೆನೆಟ್ ಅವರನ್ನು ಬಿಡುಗಡೆ ಮಾಡಿತು. ಅಂದಮೇಲೆ ಅದನ್ನು ದಂಡನೆ ಎನ್ನುವುದು ಹೇಗೆ ಸಾಧು? ದೋಷಾರೋಪ ಎನ್ನಬಹುದಿತ್ತು. ನಮ್ಮ ಪತ್ರಿಕೆಗಳವರಿಗೆ ವಾಗ್ದಂಡನೆ ಎಂಬ ಶಬ್ದದ ಗಾಂಭೀರ್ಯ ಹಿಡಿಸಿತೋ ಏನೋ, ಅದು ನಿಂತುಬಿಟ್ಟಿತು.

ಹೀಗೆ ನಾಡಿನ ಅತ್ಯುನ್ನತ ಸ್ಥಾನದಲ್ಲಿರುವವರನ್ನು ಕೆಳಗಿಳಿಸುವ ಕ್ರಮಕ್ಕೂ, ಗುಮಾಸ್ತನೊಬ್ಬನಿಗೆ ಬರೆದು ಕೊಡುವ ಬುದ್ಧಿಮಾತಿಗೂ ಕನ್ನಡದಲ್ಲಿ ಒಂದೇ ಶಬ್ದ ಬಿದ್ದಿದೆ. ತೊಲದ ಕಲ್ಲಿಗೂ ಮಣದ ಕಲ್ಲಿಗೂ ಒಂದೇ ಹೆಸರಿಟ್ಟರೆ ಪೇಟೆಯಲ್ಲಿ ವ್ಯಾಪಾರ ನಡೆದೀತೆ?

ಸೆನ್ಷರ್ ಪದದ ಹುಟ್ಟು ರೋಮ್ ಪಟ್ಟಣದಲ್ಲಿ. ಜನಗಣತಿಗೆ ಹೇಳುವ ಸೆನ್ಸಸ್, ಚಲನಚಿತ್ರಗಳಿಗೆ ಕತ್ತರಿ ಹಾಕುವ ಸೆನ್ಸಾರ್, ಈ ಸೆನ್ಷರ್ ಮೂರೂ ಒಂದೇ ಬಳ್ಳಿಯ ಕಾಯಿಗಳು. ಪ್ರಾಚೀನ ರೋಮನರಲ್ಲಿ ಐದು ವರ್ಷಗಳಿಗೊಮ್ಮೆ ಇಬ್ಬರು 'ಸೆನ್ಸಾರ್' ಅಧಿಕಾರಿಗಳನ್ನು ಆರಿಸುತ್ತಿದ್ದರು. ಪ್ರಜೆಗಳ ಎಣಿಕೆ, ಆಸ್ತಿಪಾಸ್ತಿಯ ಲೆಕ್ಕ ಅವರ ಕೆಲಸ. ಎಣಿಸುವಾಗಲೇ ನಡತೆಯನ್ನೂ ನೋಡುತ್ತಿದ್ದರು. ನಡತೆಗೆಟ್ಟವನ ಹೆಸರಿನ ಮುಂದೆ ಒಂದು ಗುರುತು ಹಾಕುತ್ತಿದ್ದರು. ದೊಡ್ಡವನಾದರೆ ಹಿರಿಯರ ಸಭೆಯಿಂದಲೇ ಹೆಸರು ಹೋಗುತ್ತಿತ್ತು. ಕ್ರಿಸ್ತಪೂರ್ವ 184ರಲ್ಲಿ ಆ ಸ್ಥಾನಕ್ಕೆ ಬಂದ ಕೇಟೋ ಎಂಬಾತ ಮಹಾ ಕಠಿಣ. ವಿನೋದಕ್ಕಾಗಿ ಭೋಜನಕೂಟದಲ್ಲಿ ಮನುಷ್ಯನೊಬ್ಬನನ್ನು ಕೊಂದ ಮಾಜಿ ಕಾನ್ಸಲ್ ಒಬ್ಬನನ್ನು ಆತ ಸಭೆಯಿಂದ ಹೊರಗೆ ಹಾಕಿದ, ಅದು ಸರಿಯೇ. ಆದರೆ ಹಗಲು ಹೊತ್ತಿನಲ್ಲಿ ಮಗಳ ಎದುರಿಗೆ ಹೆಂಡತಿಯನ್ನು ಮುದ್ದಿಟ್ಟನೆಂಬ ಕಾರಣಕ್ಕೆ ಇನ್ನೊಬ್ಬನನ್ನೂ ಹೊರಗೆ ಹಾಕಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಟೀಕಿಸುವ ಅಧಿಕಾರ ಕೈಗೆ ಬಂದವನಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದೆ ಹೋಗುವುದು ಹೊಸದೇನಲ್ಲ!

ಈ ರೋಮನ್ ಪದ್ಧತಿಯಲ್ಲಿ ನನಗೆ ಮೆಚ್ಚಿಗೆಯಾದದ್ದು ಎರಡು ಸಂಗತಿ. ಗುರುತು ಹಾಕಲು ಇಬ್ಬರೂ ಅಧಿಕಾರಿಗಳು ಒಪ್ಪಬೇಕಿತ್ತು ಮತ್ತು ಗುರುತಿನ ಜೊತೆಗೆ ಕಾರಣವನ್ನು ಬರೆಯುತ್ತಿದ್ದರು. ಮುಂದಿನ ಸಲ ಬಂದವರು ಅದನ್ನು ಅಳಿಸಿಹಾಕಬಹುದಾಗಿತ್ತು. ಅಮೆರಿಕದ ಸೆನೆಟ್ 1834ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ನರಿಗೆ ಸೆನ್ಷರ್ ವಿಧಿಸಿತು. 1837ರಲ್ಲಿ ಅದೇ ಸೆನೆಟ್ ತನ್ನ ಹಳೆಯ ವಹಿಯನ್ನು ಸಭೆಗೆ ತರಿಸಿ, ಆ ನಿರ್ಣಯದ ಸುತ್ತ ಕಪ್ಪು ಗೆರೆ ಎಳೆದು, ಇದನ್ನು ಅಳಿಸಲಾಗಿದೆ ಎಂದು ಮೇಲೆ ಬರೆಯಿಸಿತು. ರಾಜಕೀಯವೇನೇ ಇರಲಿ, ಬರೆದದ್ದನ್ನು ಬರೆದೇ ಅಳಿಸಿದರು. ನಮ್ಮ ಓಣಿಯ ಕಟ್ಟೆಯ ಮೇಲೆ ಒಬ್ಬನ ಹೆಸರಿಗೆ ಹತ್ತಿದ ಮಸಿಯನ್ನು ಅಳಿಸಲು ಯಾವ ವಹಿಯನ್ನು ತರಿಸೋಣ?

ನಮ್ಮ ಸಂಸತ್ತಿನ ರೂಢಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಅವಿಶ್ವಾಸ ನಿರ್ಣಯ ಬೇರೆ, ಖಂಡನಾ ನಿರ್ಣಯ ಬೇರೆ. ಅವಿಶ್ವಾಸವು ಇಡೀ ಮಂತ್ರಿಮಂಡಲದ ಮೇಲೆ. ಅದಕ್ಕೆ ಕಾರಣ ಹೇಳಬೇಕೆಂಬ ನಿಯಮವಿಲ್ಲ, ಗೆದ್ದರೆ ಸರಕಾರ ಉಳಿಯದು. ಆಚಾರ್ಯ ಕೃಪಲಾನಿಯವರು 1963ರಲ್ಲಿ ನೆಹರೂ ಸರಕಾರದ ಮೇಲೆ ತಂದ ಮೊತ್ತಮೊದಲ ಅವಿಶ್ವಾಸ ನಿರ್ಣಯ ಬಿದ್ದುಹೋಯಿತಷ್ಟೆ. ಖಂಡನಾ ನಿರ್ಣಯ, ಅಂದರೆ ಸೆನ್ಷರ್, ಹಾಗಲ್ಲ. ಅದನ್ನು ಒಬ್ಬ ಮಂತ್ರಿಯ ಮೇಲೂ ತರಬಹುದು. ಆದರೆ ಇಂಥ ಕೆಲಸಕ್ಕಾಗಿ, ಇಂಥ ಲೋಪಕ್ಕಾಗಿ ಎಂದು ಕಾರಣವನ್ನು ನಿರ್ಣಯದಲ್ಲಿಯೇ ಕಾಣಿಸಬೇಕು. ಕಾರಣವಿಲ್ಲದ ಸೆನ್ಷರ್ ಇಲ್ಲ. ಇದೇ ಕೃಪಲಾನಿಯವರನ್ನು ಹೀಯಾಳಿಸಿ ಬರೆದುದಕ್ಕಾಗಿ 1961ರಲ್ಲಿ 'ಬ್ಲಿಟ್ಜ್' ವಾರಪತ್ರಿಕೆಯ ಸಂಪಾದಕ ಆರ್. ಕೆ. ಕರಂಜಿಯಾ ಅವರನ್ನು ಲೋಕಸಭೆಯ ಕಟಕಟೆಗೆ ಕರೆಯಿಸಿ, ನಿಲ್ಲಿಸಿ, ಸಭಾಧ್ಯಕ್ಷರು ಛೀಮಾರಿ ಹಾಕಿದರು. ಅಲ್ಲಿ ಬಳಸಿದ ಇಂಗ್ಲಿಷ್ ಪದ 'ರೆಪ್ರಿಮಾಂಡ್'. ಎದುರಿಗೆ ನಿಲ್ಲಿಸಿ ಬಾಯಿಂದ ಹೇಳುವ ದಂಡ ಅದು. ಇಂಗ್ಲಿಷಿನವರು ಒಂದೊಂದು ತೂಕಕ್ಕೆ ಒಂದೊಂದು ಕಲ್ಲನ್ನು ಇಟ್ಟುಕೊಂಡಿದ್ದಾರೆ.

ನಮ್ಮಲ್ಲಿ ಇರಲಿಲ್ಲವೆ? ಇತ್ತು, ಅದೂ ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಇತ್ತು. ಸೇಡಂ ತಾಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಅಮೋಘವರ್ಷನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದರು, ಕ್ರಿ.ಶ. 941ರಲ್ಲಿ ಪಂಪನು ಬರೆದ ಕನ್ನಡ ಆದಿಪುರಾಣಕ್ಕೆ ಅದೇ ಆಧಾರ. ಕಾಲದ ಆದಿಯಲ್ಲಿ ಜನರನ್ನು ನಡೆಸಿದ ಕುಲಕರರ ಕಥೆ ಅದರಲ್ಲಿ ಬರುತ್ತದೆ. ಆಗ ಸೆರೆಮನೆಯಿಲ್ಲ, ಕೊರಡೆಯಿಲ್ಲ. ಮೊದಲ ಐವರು ಕುಲಕರರು ತಪ್ಪು ಮಾಡಿದವನಿಗೆ 'ಹಾ' ಎನ್ನುತ್ತಿದ್ದರಂತೆ. ಅಯ್ಯೋ, ಹೀಗೆ ಮಾಡಿದೆಯಲ್ಲ ಎಂದಷ್ಟೇ ಅದರ ಅರ್ಥ. ಜನರ ಮನಸ್ಸು ಸ್ವಲ್ಪ ಗಡುಸಾದ ಮೇಲೆ ಬಂದ ಐವರು 'ಹಾ, ಮಾ' ಎಂದರು. ಮಾ ಎಂದರೆ ಇನ್ನು ಮಾಡಬೇಡ. ಅದೂ ಸಾಲದೆ ಹೋದಾಗ ಉಳಿದವರು 'ಹಾ, ಮಾ, ಧಿಕ್' ಎಂದು ಧಿಕ್ಕಾರವನ್ನೂ ಸೇರಿಸಿದರು. ದೇಹಕ್ಕೆ ದಂಡ ಬಂದದ್ದು ಆ ಮೇಲೆ, ಭರತನ ಕಾಲಕ್ಕೆ. ಮೂರು ಅಕ್ಷರಗಳಲ್ಲಿ ಮೂರು ಮೆಟ್ಟಿಲು! ಮೊದಲು ವ್ಯಸನ, ಆ ಮೇಲೆ ನಿಷೇಧ, ಕಟ್ಟಕಡೆಗೆ ತಿರಸ್ಕಾರ. ಮಠದಲ್ಲಿ ಓದುವಾಗ ಇದನ್ನು ನಮಗೆ ಹೇಳಿಕೊಟ್ಟ ಗುರುಗಳು ಜೈನರಲ್ಲ, ಜಂಗಮರು. ಒಳ್ಳೆಯದನ್ನು ಎಲ್ಲಿಂದಲಾದರೂ ತರಬಹುದೆಂಬ ಉದಾರ ಮನಸ್ಸಿನವರು.

ವಾಗ್ದಂಡ ಎಂಬ ಶಬ್ದವೂ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ದಂಡಗಳು ನಾಲ್ಕು: ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡ. ಮನುಸ್ಮೃತಿಯಲ್ಲಿಯೂ ಇವೇ ನಾಲ್ಕು ಇವೆ, ಆದರೆ ಕ್ರಮ ಬೇರೆ. ಅಲ್ಲಿ ಮೊದಲು ವಾಗ್ದಂಡ, ಬಳಿಕ ಧಿಗ್ದಂಡ. ಬರಿಯ ಛೀ ಎನ್ನುವುದು ಹೆಚ್ಚು ನೋಯಿಸುತ್ತದೆಯೋ, ತಪ್ಪನ್ನು ಎತ್ತಿ ಆಡುವ ಕಠಿಣ ಮಾತು ಹೆಚ್ಚು ನೋಯಿಸುತ್ತದೆಯೋ ಎಂಬಲ್ಲಿ ಶಾಸ್ತ್ರಕಾರರಿಗೂ ಒಮ್ಮತವಿರಲಿಲ್ಲವೆಂದು ತೋರುತ್ತದೆ. ಹೆಣ್ಣುಮಕ್ಕಳನ್ನೂ ದುಡಿಯುವ ಜನರನ್ನೂ ಆ ಗ್ರಂಥಗಳು ಕಂಡ ರೀತಿಯನ್ನು ಶರಣಧರ್ಮದವರಾದ ನಾವು ಒಪ್ಪುವುದಿಲ್ಲ. ಆ ಮಾತು ಬೇರೆ. ಇಲ್ಲಿ ಹೇಳಬೇಕಾದದ್ದು, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ಟೀಕೆಯನ್ನು ಬರೆದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ನಮ್ಮ ಜಿಲ್ಲೆಯ ಮರತೂರು ಅವನ ಊರೆಂದು ಇಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. ಆಸ್ತಿ ಪಾಲಾಗುವ ಮನೆಗಳಲ್ಲಿ ಮಿತಾಕ್ಷರಾ ಎಂಬ ಹೆಸರನ್ನು ಕೇಳದವರು ವಿರಳ.

ಟೀಕೆ ಎಂದೆನಲ್ಲ, ಅದರ ಪಾಡನ್ನೂ ನೋಡಿ. ಟೀಕೆ ಎಂದರೆ ಮೂಲದಲ್ಲಿ ವ್ಯಾಖ್ಯಾನ, ಅರ್ಥವನ್ನು ಬಿಡಿಸಿ ಹೇಳುವುದು. ಹದಿನೈದನೆಯ ಶತಮಾನದಲ್ಲಿ ನಮ್ಮ ವಿರಕ್ತರು ಪ್ರಭುದೇವರ ಬೆಡಗಿನ ವಚನಗಳಿಗೆ ಟೀಕೆ ಬರೆದರು. ಅಂದರೆ ವಚನಗಳನ್ನು ಬೈದರೆಂದು ಅರ್ಥವೆ? ಕಠಿಣವಾದುದನ್ನು ಹತ್ತಿರ ಕುಳಿತು, ಎಳೆ ಎಳೆಯಾಗಿ ಬಿಡಿಸಿ, ಇತರರಿಗೆ ಕಾಣುವಂತೆ ಮಾಡಿದರು. ಇಂದು ಟೀಕೆ ಎಂದರೆ ಹುಳುಕು ಹುಡುಕುವುದು ಎಂದಾಗಿದೆ. ವಿಮರ್ಶೆಯೂ ಹಾಗೆಯೇ, ಮೂಲಾರ್ಥ ಆಳವಾದ ಆಲೋಚನೆ, ಇಂದಿನ ಅರ್ಥ ಪುಸ್ತಕದ ಮೇಲಿನ ತೀರ್ಪು. ಖಂಡನೆ ಎಂದರೆ ತುಂಡರಿಸುವುದು. ಹನ್ನೆರಡನೆಯ ಶತಮಾನದ ಶ್ರೀಹರ್ಷನು ಖಂಡನಖಂಡಖಾದ್ಯವೆಂದೇ ಒಂದು ಗ್ರಂಥವನ್ನು ಬರೆದ. ಅಲ್ಲಿ ತುಂಡಾಗುವುದು ಎದುರಾಳಿಯ ವಾದವೇ ಹೊರತು ಎದುರಾಳಿಯಲ್ಲ. ನ್ಯಾಯಶಾಸ್ತ್ರದಲ್ಲಿ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಎಣಿಸಿದ್ದಾರೆ. ವಾದದಲ್ಲಿ ಎಲ್ಲೆಲ್ಲಿ ಕಾಲು ಜಾರಿದರೆ ಸೋಲು ಎಂಬ ಲೆಕ್ಕ ಅದು; ಮಠದ ಹುಡುಗರಾದ ನಾವು ಅವನ್ನು ಬಾಯಿಪಾಠ ಮಾಡಿ, ಊಟದ ಪಂಕ್ತಿಯಲ್ಲಿ ಒಬ್ಬರ ಮೇಲೊಬ್ಬರು ಪ್ರಯೋಗಿಸುತ್ತಿದ್ದೆವು. ಆ ಇಪ್ಪತ್ತೆರಡರಲ್ಲಿ ನಿನ್ನ ತಂದೆ ಯಾರು, ನಿನ್ನ ಊರು ಯಾವುದು ಎಂಬುದು ಒಂದೂ ಇಲ್ಲ.

ಇಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆ ಮರೆತೆ. ಅದನ್ನು ಹೇಳದೆ ಈ ಬರಹವನ್ನು ಮುಂದುವರಿಸಲು ನನಗೆ ಮನಸ್ಸಾಗುತ್ತಿಲ್ಲ. ಮೂವತ್ತೈದು ವರ್ಷಗಳ ಹಿಂದೆ ನಾನು ಪಾಠಶಾಲೆಯೊಂದರಲ್ಲಿ ಮಕ್ಕಳಿಗೆ ವ್ಯಾಕರಣ ಹೇಳುತ್ತಿದ್ದೆ. ಗ್ರಂಥಭಂಡಾರದ ಒಂದು ಪುಸ್ತಕ ಕಾಣೆಯಾಗಿತ್ತು. ಅದು ಹನ್ನೆರಡು ವರ್ಷದ ಒಬ್ಬ ಹುಡುಗನ ಪೆಟ್ಟಿಗೆಯಲ್ಲಿ ಸಿಕ್ಕಿತು. ಸಾಯಂಕಾಲದ ಪ್ರಾರ್ಥನೆಯ ಹೊತ್ತಿಗೆ, ಎಲ್ಲ ಮಕ್ಕಳ ಮುಂದೆ, ಅವನನ್ನು ನಿಲ್ಲಿಸಿ ಮಾತನಾಡಿದೆ. ಪುಸ್ತಕದ ಬಗೆಗೆ ಎರಡು ಮಾತು ಆಡಿರಬಹುದು; ಉಳಿದದ್ದೆಲ್ಲ ಅವನ ಮನೆತನದ ಬಗೆಗೆ. ಹುಡುಗ ಒಂದೂ ಮಾತನಾಡಲಿಲ್ಲ. ಮರುದಿನ ನಸುಕಿನಲ್ಲಿ ಅವನ ಪೆಟ್ಟಿಗೆ ಇರಲಿಲ್ಲ, ಅವನೂ ಇರಲಿಲ್ಲ. ಮಧ್ಯಾಹ್ನ ಹಿರಿಯ ಅಧ್ಯಾಪಕರೊಬ್ಬರು ಊರಿನಿಂದ ಮರಳಿ ಬಂದು, ಆ ಪುಸ್ತಕವನ್ನು ನಕಲು ಮಾಡಿಕೊಳ್ಳಲೆಂದು ತಾವೇ ಅವನಿಗೆ ಕೊಟ್ಟು ಹೋಗಿದ್ದಾಗಿ ಹೇಳಿದರು. ಹಾ ಎನ್ನಲಿಲ್ಲ, ಮಾ ಎನ್ನಲಿಲ್ಲ; ನೇರವಾಗಿ ಧಿಕ್ ಎಂದಿದ್ದೆ. ಈ ಪುಸ್ತಕ ನಿನ್ನಲ್ಲಿಗೆ ಹೇಗೆ ಬಂತು ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಅವನ ಊರಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಒಮ್ಮೆ ಹೋಗಿಯೂ ಬಂದೆ. ಆ ಕುಟುಂಬ ದುಡಿಮೆಗೆಂದು ಬೇರೆ ಕಡೆಗೆ ಹೊರಟುಹೋಗಿತ್ತು. ಆ ಹುಡುಗ ಈಗ ಐವತ್ತರ ಹತ್ತಿರದ ಗೃಹಸ್ಥನಾಗಿರಬೇಕು.

ಕಾರಣ ಹೇಳದೆ, ಕೇಳದೆ ಕೊಡುವ ತೀರ್ಪು ನಮ್ಮ ನಾಡಿನ ದೊಡ್ಡ ಸ್ಥಾನಗಳಲ್ಲಿಯೂ ನಡೆದುಹೋಗಿದೆ. 1989ರ ಏಪ್ರಿಲ್ 21ರಂದು ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು ವಜಾ ಮಾಡಲಾಯಿತು. ವಿಧಾನಸಭೆಯನ್ನು ಕರೆಯಿರಿ, ಅಲ್ಲಿಯೇ ಬಹುಮತವನ್ನು ತೋರಿಸುತ್ತೇನೆ ಎಂದು ಅವರು ಕೇಳಿಕೊಂಡಿದ್ದರೂ ಆ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತದ ಪರೀಕ್ಷೆಗೆ ಸ್ಥಳ ಸದನವೇ ಎಂದು ಸಾರಿತು. ಬೊಮ್ಮಾಯಿಯವರಿಗೆ ಕಳೆದ ಅಧಿಕಾರ ಮರಳಿ ಬರಲಿಲ್ಲ. ಮುಂದಿನವರಿಗೆ ಒಂದು ನೆಲೆ ದೊರೆಯಿತು.

ಇಷ್ಟೆಲ್ಲ ಹೇಳುವಾಗ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದೆ ಇರಲಾರೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿಗಳು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಲಕ್ಕಮ್ಮ ಅದನ್ನು ಒಳಗಿಡಲಿಲ್ಲ. ಎಂದಿನ ಅಳತೆಗಿಂತ ಇದು ಹೆಚ್ಚು, ಇದು ನಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಹಾಗೆಯೇ ಮಾಡಿದ. ನೀವು ದುರಾಸೆಯ ಮನುಷ್ಯರು ಎಂದು ಆಕೆ ಗಂಡನಿಗೆ ಹೆಸರಿಡಲಿಲ್ಲ. ಈ ಹೊತ್ತು, ಈ ಅಕ್ಕಿ, ಇಷ್ಟು ಹೆಚ್ಚು ಎಂದು ಕೃತ್ಯವನ್ನು ತೋರಿಸಿದಳು. ಸರಿಪಡಿಸುವ ದಾರಿಯನ್ನೂ ಹೇಳಿದಳು. ಆತ ಅಕ್ಕಿಯನ್ನು ಸುರಿದು ಬಂದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಆಕೆ ಅದನ್ನು ನೆರೆಮನೆಯಲ್ಲಿ ಆಡಿಕೊಂಡಳೆಂದು ಯಾವ ಪುರಾಣದಲ್ಲಿಯೂ ಇಲ್ಲ. ಒಂದು ಸೆನ್ಷರ್ ಹೇಗಿರಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ರೋಮಿಗೆ ಕೈ ತೋರಿಸುವುದಿಲ್ಲ, ಕಲ್ಯಾಣಕ್ಕೆ ತೋರಿಸುತ್ತೇನೆ.

ಮರುವಾರ ನಾವಿಬ್ಬರೂ ಕಮಲಾಪುರಕ್ಕೆ ಹೊರಟೆವು. ಬಸ್ಸಿನಲ್ಲಿ ಗುಮಾಸ್ತರು ಮಾತನಾಡಲಿಲ್ಲ. ನಾನು ಮಾತ್ರ ನಮ್ಮ ಬಡಾವಣೆಯ ಹೆಸರನ್ನೇ ಮನಸ್ಸಿನಲ್ಲಿ ಮಗುಚುತ್ತ ಕುಳಿತೆ. ರೋಜಾ ಎಂದರೆ ಹೊರಗಿನವರು ಗುಲಾಬಿ ಎಂದು ತಿಳಿಯುತ್ತಾರೆ. ರಂಜಾನ್ ತಿಂಗಳ ಉಪವಾಸಕ್ಕೂ ರೋಜಾ ಎನ್ನುತ್ತಾರೆ. ನಮ್ಮ ರೋಜಾ ಇವೆರಡೂ ಅಲ್ಲ. ಅರಬ್ಬಿಯ 'ರೌಜಾ', ಅಂದರೆ ತೋಟ. ಸಂತರ ಸಮಾಧಿಗೂ ಗೌರವದಿಂದ ಅದೇ ಹೆಸರು. 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾದಿಂದ ಬಂದ ಹೆಸರಿದು. ಬರೆಯುವುದು ಒಂದೇ ತೆರನಾಗಿ, ಅರ್ಥ ಮೂರು. ಆದರೂ ನಮ್ಮ ಓಣಿಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಶಬ್ದದ ಜೊತೆ ಬದುಕಿದವರಿಗೆ ಅದರ ತೂಕ ಗೊತ್ತಿರುತ್ತದೆ. ನಿಜಾಮರ ಆಡಳಿತವನ್ನು ಕಂಡಿದ್ದ ನನ್ನ ತಂದೆಯವರ ಪೀಳಿಗೆಯವರು ತಾಕೀದು ಬೇರೆ, ತಂಬೀಹು ಬೇರೆ, ಜುಲ್ಮಾನೆ ಬೇರೆ ಎಂದು ಬಿಡಿಸಿ ಹೇಳಬಲ್ಲವರಾಗಿದ್ದರು. ಮೊದಲನೆಯದು ಕಟ್ಟುನಿಟ್ಟಿನ ಸೂಚನೆ, ಎರಡನೆಯದು ತಪ್ಪು ಮಾಡಿದ ಮೇಲಿನ ಎಚ್ಚರಿಕೆ, ಮೂರನೆಯದು ದುಡ್ಡಿನ ದಂಡ. ಈ ಗುಮಾಸ್ತರ ಆದೇಶದಲ್ಲಿ ತಂಬೀಹು ಎಂದು ಬರೆದಿದ್ದರೆ ನಮ್ಮ ಕಡೆಯ ಹಳಬರು ಯಾರೂ ಸಂಬಂಧ ಮುರಿಯುತ್ತಿರಲಿಲ್ಲ!

ಬೀಗರ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಸೋದರಮಾವನವರಿಗೆ ನಾನು ಮೇಲೆ ಬರೆದದ್ದರಲ್ಲಿ ಕಾಲು ಭಾಗವನ್ನು ಹೇಳಿದೆ. ಅವರು ಸುಶಿಕ್ಷಿತರು, ಹಠಮಾರಿಗಳಲ್ಲ. ನ್ಯಾಯಮೂರ್ತಿಗಳ ವಾಗ್ದಂಡನೆ ಬೇರೆ, ಇದು ಬೇರೆ ಎಂಬುದನ್ನು ಒಪ್ಪಿದರು. ಒಪ್ಪಿದರೂ, "ಹಂಗಾದರ ತಪ್ಪು ಮಾಡಿದ್ದು ಖರೇ ಏನು?" ಎಂದು ಕೇಳಿದರು. ಗುಮಾಸ್ತರು ನನ್ನ ಮುಖವನ್ನು ನೋಡಲಿಲ್ಲ. "ಖರೇ ರೀ. ತಾರೀಖು ನಾನೇ ತಪ್ಪು ಬರೆದಿದ್ದೆ" ಎಂದರು. ಪಡಸಾಲೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಶಬ್ದಾರ್ಥ ಹೇಳಲು ಹೋದ ನನಗೆ ಅಲ್ಲಿ ಹೇಳುವುದಕ್ಕೆ ಬೇರೆ ಏನೂ ಉಳಿದಿರಲಿಲ್ಲ.

ಒಳಬಾಗಿಲಿನ ಹತ್ತಿರ ವರನ ಅಜ್ಜಿ ಕುಳಿತಿದ್ದರು. ಎಂಬತ್ತು ದಾಟಿದ ಜೀವ. ನಮ್ಮ ಮಾತುಗಳಲ್ಲಿ ಎಷ್ಟು ಅವರ ಕಿವಿಗೆ ಬಿದ್ದಿತ್ತೋ ತಿಳಿಯದು. ಅವರು ಒಂದೇ ಪ್ರಶ್ನೆ ಕೇಳಿದರು: "ಆ ಹೆಣ್ಣುಮಗಳಿಗೆ ರೊಕ್ಕ ಬಂತೇನಪಾ?"

"ಬಂತವ್ವಾ. ನಾಕೂ ತಿಂಗಳದ್ದು ಕೂಡೇ ಬಂತು. ಮನಿಗೆ ಹೋಗಿ ಕಾಗದ ಕೊಟ್ಟು ಬಂದೆ" ಎಂದರು ಗುಮಾಸ್ತರು.

"ಏನಂದಳು?"

"ಬೈದಳವ್ವಾ. ಭಾಳ ಬೈದಳು. ಆಮ್ಯಾಲೆ ಚಹಾ ಕೊಟ್ಟಳು."

ಅಜ್ಜಿ ಸೊಸೆಯನ್ನು ಕರೆದು, ಬಂದವರಿಗೆ ಬಾಳೆಹಣ್ಣು ಕೊಡಲು ಹೇಳಿದರು. ಕಮಲಾಪುರದ ಕೆಂಪು ಬಾಳೆ. ಆ ವರ್ಷ ಅವರ ತೋಟದಲ್ಲಿ ಗೊನೆ ಚೆನ್ನಾಗಿ ಬಂದಿತ್ತು.